ಒಬ್ಬರ ಲೆಕ್ಕದ ಮನೆ

ಹಾಸ್ಲೆ, ಓರ್ಹುಸ್
ಜನವರಿ ೧೯, ಭಾನುವಾರ

ಮುನಿಸಿಕೊಂಡಿದ್ದರೂ ನನ್ನವಳೇ ಆದ ಮೆರೆಟೆಗೆ, ಅಮ್ಮನ ನೆನಪುಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ನೀನು ಡ್ರಾಯರಿಗೆ ತಳ್ಳುತ್ತೀಯೆಂದು ನನಗೆ ಗೊತ್ತು. ತಳ್ಳು. ಆದರೆ ಹರಿದು ಹಾಕುವ ಮುಂಚೆ ಒಂದು ಸಲ ಓದು. ಕಳೆದ ಮೇ ತಿಂಗಳಲ್ಲಿ ನಿನ್ನಪ್ಪನನ್ನು ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಕಾಫಿ ಕುಡಿಯುತ್ತಿದ್ದಾಗ ನೀನು ನನ್ನ ತೋಳು ಹಿಡಿದು ಒಂದು ಪ್ರಶ್ನೆ ಕೇಳಿದೆಯಲ್ಲ, ಇದು ಅದಕ್ಕೆ ಉತ್ತರ. “ಅಮ್ಮ, ಅಪ್ಪ ಮೂರನೇ ಸುತ್ತಿನ ಔಷಧಿ ಯಾಕೆ ಬೇಡ ಅಂದ? ನಿಂಗೊತ್ತು. ನಿನ್ನ ಮುಖದಲ್ಲೇ ಕಾಣ್ತಿದೆ” ಅಂದಿದ್ದೆ. ನಾನು ಗೊತ್ತಿಲ್ಲ ಅಂದೆ. ಅಂದವಳೇ ಅತ್ತ ತಿರುಗಿ ನಿನ್ನ ಚಿಕ್ಕಪ್ಪನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದೆ. ಅವತ್ತಿನಿಂದ ನೀನು ಫೋನೆತ್ತಿಲ್ಲ. ಕ್ರಿಸ್‌ಮಸ್ಸಿಗೆ ರೀಬೆಯ ನಿನ್ನ ಮನೆಯಿಂದ ಬಂದ ಕಾರ್ಡಿನಲ್ಲಿ ಬರೀ ನಿನ್ನ ಹೆಸರಿತ್ತು, ಇನ್ನೊಂದು ಅಕ್ಷರ ಇರಲಿಲ್ಲ.

ನನಗೆ ಗೊತ್ತಿತ್ತು ಮಗಳೇ. ಇದನ್ನು ಓದಿದ ಮೇಲೆ ನೀನು ಇನ್ನೆಂದೂ ನನ್ನ ಮುಖ ನೋಡದೇ ಇರಬಹುದು. ಈಗಲೂ ನೋಡುತ್ತಿಲ್ಲವಲ್ಲ, ಕಳೆದುಕೊಳ್ಳಲು ಇನ್ನೇನಿದೆ ಎಂದು ಧೈರ್ಯ ಮಾಡಿ ಕುಳಿತಿದ್ದೇನೆ. ಧೈರ್ಯ ಅನ್ನುವುದು ಬಾಯಿಮಾತು.

ಮನೆಯಿಂದಲೇ ಶುರು ಮಾಡುತ್ತೇನೆ, ನನಗೆ ಬೇರೆ ದಾರಿ ಗೊತ್ತಿಲ್ಲ. ಮೂವತ್ತೊಂದು ವರ್ಷ ಜನರ ಮನೆಮನೆಗೆ ಹೋಗಿ, ನಿಮ್ಮ ಮನೆಯ ಬಿಸಿ ಇಗೋ ಈ ಕಿಟಕಿಯಲ್ಲಿ ಸೋರುತ್ತಿದೆ, ಅಗೋ ಆ ಸೂರಿನಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸಿ ಬಂದವಳು ನಾನು. ಊರಿಗೆಲ್ಲ ಬುದ್ಧಿ ಹೇಳಿದವಳ ಸ್ವಂತ ಮನೆ ಹೇಗಿತ್ತೆಂದು ನಿನಗೆ ಗೊತ್ತೇ ಇದೆ. ಆ ಹಳದಿ ಇಟ್ಟಿಗೆಯ ಮನೆ, ಏಳು ಕೋಣೆ, ಅದರಲ್ಲಿ ಇಬ್ಬರು ಮುದುಕರು. ಚಳಿಗಾಲದಲ್ಲಿ ಎರಡು ಕೋಣೆ ಬಿಟ್ಟು ಉಳಿದವಕ್ಕೆ ಬಾಗಿಲು ಮುಚ್ಚಿ ಕೂರುತ್ತಿದ್ದೆವು. ನೀನು ಮಲಗುತ್ತಿದ್ದ ಕೋಣೆಯ ಗೋಡೆಯಲ್ಲಿ ಬೂಷ್ಟು ಬಂದಾಗ ನಿನ್ನಪ್ಪನೇ ಅಂದ: “ಗ್ರೇತೆ, ಇಷ್ಟು ದೊಡ್ಡ ಮನೇಲಿ ನಾವು ಇಬ್ರೂ ಕಳ್ದು ಹೋಗ್ತೀವಿ ಕಣೇ. ಚಿಕ್ಕದೊಂದು ಕಟ್ಟು.”

ಹಿತ್ತಲನ್ನು ಬೇರೆ ಮಾಡಿ, ಅಲ್ಲಿ ಚಿಕ್ಕದು ಕಟ್ಟಿ, ಪಕ್ಕದಲ್ಲಿ ಉದ್ದಕ್ಕೆ ದಾರಿ ಬಿಟ್ಟು, ಮುಂದಿನ ಮನೆಯನ್ನು ಮಾರುವುದು ಎಂದು ತೀರ್ಮಾನವಾಯಿತು. ಆ ಆಕಾರದ ಜಾಗಕ್ಕೆ ನಮ್ಮಲ್ಲಿ ಕಟ್ಲೆಟ್ ನಿವೇಶನ ಅನ್ನುತ್ತಾರೆ, ನಕ್ಷೆಯಲ್ಲಿ ಎಲುಬು ಹಿಡಿದ ಹಂದಿಮಾಂಸದ ತುಂಡಿನ ಹಾಗೆಯೇ ಕಾಣುತ್ತದೆ. ನಿನ್ನಪ್ಪನಿಗೆ ಈ ಹೆಸರು ಕೇಳಿ ಖುಷಿಯೋ ಖುಷಿ. ಪುರಸಭೆಯ ಆಫೀಸಿನಲ್ಲಿ ಆ ಗುಮಾಸ್ತೆಗೂ ಹೇಳಿದ, “ಎಪ್ಪತ್ತಾದ್ಮೇಲೆ ಮನುಷ್ಯನಿಗೆ ಕಟ್ಲೆಟ್ ಸಾಕಮ್ಮ, ಇಡೀ ಹಂದಿ ಯಾಕೆ?” ಆಕೆ ನಗಲಿಲ್ಲ. ನಾನು ಅವನ ಕಾಲು ತುಳಿದೆ.

ಹೊಸ ಮನೆ ಐವತ್ತೆಂಟು ಚದರ ಮೀಟರು. ಅರ್ಧ ಮೀಟರು ದಪ್ಪದ ಗೋಡೆ, ಅದರೊಳಗೆ ಪೂರ್ತಿ, ಬಿಸಿಯನ್ನು ಹೊರಗೆ ಬಿಡದ ಮರದ ನಾರು. ದಕ್ಷಿಣಕ್ಕೆ ಮೂರು ಪದರ ಗಾಜಿನ ದೊಡ್ಡ ಕಿಟಕಿ, ಉತ್ತರಕ್ಕೆ ಅಂಗೈಯಗಲದ್ದು. ಓಡಾಡುವ ಪಡಸಾಲೆ ಇಲ್ಲ, ತೆರೆಯಲು ಜಾಗ ತಿನ್ನುವ ಬಾಗಿಲುಗಳಿಲ್ಲ, ಎಲ್ಲವೂ ಜಾರುಬಾಗಿಲು. ನಾನು ಗೆರೆ ಎಳೆದೆ, ನಿನ್ನಪ್ಪ ಅಳಿಸಿದ. ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿದವನು, ಅವನಿಗೂ ಪೆನ್ಸಿಲ್ ಹಿಡಿಯಲು ಬರುತ್ತದಲ್ಲ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಹಾಸಿಗೇನೇ ಕತ್ತರಿಸ್ತಿದ್ದೀಯಲ್ಲೇ” ಅನ್ನುತ್ತಿದ್ದ. “ನೀನು ಮನೆ ಕಟ್ತಿದ್ದೀಯೋ, ಥರ್ಮಾಸ್ ಫ್ಲಾಸ್ಕ್ ಕಟ್ತಿದ್ದೀಯೋ?” ಅನ್ನುತ್ತಿದ್ದ. ಅತಿಥಿಗಳ ಕೋಣೆಯನ್ನು ನಾನು ತೆಗೆದುಹಾಕಿದಾಗ ಅವನಿಗೆ ನಿಜವಾಗಿ ಸಿಟ್ಟು ಬಂತು. “ಮೆರೆಟೆ ಬಂದ್ರೆ ಎಲ್ಲಿ ಮಲಗ್ತಾಳೆ, ಫ್ರಿಜ್ಜಿನ ಮೇಲಾ?” ಎಂದು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, ಗೋಡೆಗೆ ಒರಗಿದ ಬೆಂಚನ್ನು ಎಳೆದರೆ ಮಂಚವಾಗುವ ಹಾಗೆ ತಾನೇ ಒಂದು ಚಿತ್ರ ಬರೆದು ತಂದ. ಅದು ಚೆನ್ನಾಗಿತ್ತು, ನಾನು ಒಪ್ಪಿದೆ.

ಹುಲ್ಲಿನ ಮೇಲೆ ಗೂಟ ಬಡಿದು ದಾರ ಕಟ್ಟಿ ಮನೆಯ ಅಳತೆ ನೋಡಿದ್ದು ಆಗಸ್ಟಿನಲ್ಲಿ. ನಿನ್ನಪ್ಪ ಅಡುಗೆಮನೆಯ ಕುರ್ಚಿ ತಂದು ಆ ದಾರಗಳ ನಡುವೆ ಹಾಕಿಕೊಂಡು ಕುಳಿತ. ಪಕ್ಕದ ಮನೆಯ ಎಲ್ಸೆಬೆತ್ ಬೇಲಿಯಾಚೆಯಿಂದ, ಎರ್ಲಿಂಗ್, ಹಜಾರದಲ್ಲಿ ಕೂತಿದ್ದೀಯಾ ಎಂದು ಕೇಳಿದಳು. ನಾನು ನಕ್ಷೆ ನೋಡಿ, ಅಲ್ಲ, ಕಕ್ಕಸಿನಲ್ಲಿ ಅಂದೆ. ಅವನು ಎದ್ದು ನಿಂತು ಟೋಪಿ ತೆಗೆದು ಆಕೆಗೆ ನಮಸ್ಕಾರ ಮಾಡಿದ. ಅಷ್ಟು ನಕ್ಕಿದ್ದು ನಮ್ಮ ಬಾಳಿನಲ್ಲಿ ಅದೇ ಕೊನೆ.

ಅಕ್ಟೋಬರಿನಲ್ಲಿ ಅವನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಯಿತು. ನೀನು ಆಗ ಬಂದು ಅಡುಗೆಮನೆಯಲ್ಲಿ ನನಗೆ ಬೈದೆ. “ಅಪ್ಪ ಸಾಯೋ ಹಾಗಿದ್ದಾನೆ, ನಿಂಗೆ ಮನೆ ಹುಚ್ಚು” ಅಂದೆ. ನಿನ್ನ ಕಾರು ಹೋದ ಮೇಲೆ ಅವನು ಹೇಳಿದ್ದು ಇಷ್ಟು: “ನಿಲ್ಲಿಸ್ಬೇಡ ಗ್ರೇತೆ. ಕಾಯಿಲೆ ಅದರ ಪಾಡಿಗೆ, ಅಡಿಪಾಯ ಅದರ ಪಾಡಿಗೆ.” ಜೂನಿನಲ್ಲಿ ನಡುಬೇಸಗೆಯ ಬೆಂಕಿಹಬ್ಬವನ್ನು ಹೊಸ ಮನೆಯ ಹೊಸ್ತಿಲ ಮೇಲೆ ಕುಳಿತು ನೋಡುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ದಿನಾ ಅದನ್ನೇ ಹೇಳಿಕೊಂಡೆವು. ಮೊದಲ ಸುತ್ತಿನ ಔಷಧಿಯಾಯಿತು, ಎರಡನೆಯದಾಯಿತು, ಅವನ ಷರಟಿನ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗವಾಯಿತು. ಆದರೂ ಬೆಂಕಿಹಬ್ಬ, ಹೊಸ್ತಿಲು, ಹೊದ್ದುಕೊಳ್ಳಲು ಯಾವ ಕಂಬಳಿ, ಅದೇ ಮಾತು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಈಗ ಫೆಬ್ರವರಿಗೆ ಬರುತ್ತೇನೆ. ಇನ್ನು ಸ್ವಲ್ಪ ಲೆಕ್ಕದ ಮಾತು ಬರುತ್ತದೆ, ಬೇಸರಿಸಬೇಡ, ಎಲ್ಲವೂ ಇದರಲ್ಲೇ ಇದೆ.

ಇಷ್ಟು ದಪ್ಪ ಗೋಡೆಯ ಮನೆಗೆ ಹೀಟರು ಹೆಚ್ಚು ಬೇಕಾಗುವುದಿಲ್ಲ. ಬಿಸಿಲಿನಿಂದ ಸ್ವಲ್ಪ, ಒಲೆಯಿಂದ ಸ್ವಲ್ಪ, ದೀಪದಿಂದ ಸ್ವಲ್ಪ, ಉಳಿದದ್ದು ಒಳಗಿರುವ ಜನರಿಂದ. ಮನುಷ್ಯನೂ ಒಂದು ಒಲೆಯೇ ಮೆರೆಟೆ. ಸುಮ್ಮನೆ ಪೇಪರು ಓದುತ್ತ ಕುಳಿತವನೂ ಹಳೆಯ ಕಾಲದ ನೂರು ವ್ಯಾಟಿನ ಬಲ್ಬಿನಷ್ಟು ಬಿಸಿ ಕೊಡುತ್ತಾನೆ. ದೊಡ್ಡ ಮನೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಐವತ್ತೆಂಟು ಚದರ ಮೀಟರಿನ ಮನೆಯಲ್ಲಿ ಬರುತ್ತದೆ. ಅದಕ್ಕೇ ನನ್ನ ಲೆಕ್ಕದ ಹಾಳೆಯಲ್ಲಿ ಕಿಟಕಿ, ಗೋಡೆ, ಸೂರು ಎಂಬ ಸಾಲುಗಳ ಕೆಳಗೆ ‘ಜನ’ ಎಂದು ಒಂದು ಸಾಲು ಇರುತ್ತದೆ. ಅಲ್ಲಿ ಸಂಖ್ಯೆ ಬರೆಯಬೇಕು.

ಬಡಗಿಗಳ ಮೇಸ್ತ್ರಿ ತೊರ್ಕಿಲ್ ಫೋನು ಮಾಡಿ, ಹೀಟರು ಚಿಕ್ಕದೋ ಅದಕ್ಕಿಂತ ಒಂದು ಸೈಜು ದೊಡ್ಡದೋ ಶುಕ್ರವಾರದೊಳಗೆ ಹೇಳಿ, ಬರಲು ಎರಡು ತಿಂಗಳು ಹಿಡಿಯುತ್ತದೆ ಎಂದ. ಬುಧವಾರ ಸಂಜೆ ಚೌಕುಳಿ ಹಾಳೆ ತೆಗೆದು ಕುಳಿತೆ. ‘ಜನ’ ಅನ್ನುವಲ್ಲಿ ಎರಡು ಎಂದು ಬರೆದೆ. ಚಿಕ್ಕ ಹೀಟರು ಸಾಕು ಎಂದು ಬಂತು. ಆದರೆ ಒಳಗೆ ಒಬ್ಬರೇ ಇದ್ದು ಹೊರಗೆ ಸೊನ್ನೆಗಿಂತ ಹತ್ತು ಕೆಳಗಿಳಿದರೆ? ಎರಡೂವರೆ ಡಿಗ್ರಿ ಕಡಿಮೆಯಾಗುತ್ತದೆ. ನನ್ನ ವಯಸ್ಸಿಗೆ ಎರಡೂವರೆ ಡಿಗ್ರಿಯೆಂದರೆ ಸ್ವೆಟರಿನ ಮೇಲೆ ಸ್ವೆಟರು, ರಾತ್ರಿಯಿಡೀ ಮಂಡಿನೋವು. ಹಾಳೆಯಲ್ಲಿ ಸುಳ್ಳು ಬರೆದರೆ ಚಳಿ ಸುಮ್ಮನಿರುವುದಿಲ್ಲ ಎಂದು ಮೂವತ್ತೊಂದು ವರ್ಷ ಊರವರಿಗೆ ಹೇಳಿದವಳು ನಾನು. ರಬ್ಬರು ತೆಗೆದುಕೊಂಡು ಎರಡನ್ನು ಅಳಿಸಿದೆ. ಒಂದು ಎಂದು ಬರೆದೆ.

ಬರೆದು ಮುಗಿಸಿ, ಮತ್ತೆ ಕೂಡಿಸಿ ನೋಡಿದೆ. ದೊಡ್ಡದೇ ಬೇಕೆಂದು ಬಂತು. ಆ ಸಮಯದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಕೇಳಬೇಡ. ಲೆಕ್ಕ ಬಿಟ್ಟು ಏನೂ ಇರಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯ.

ಮರುದಿನ ಬೆಳಿಗ್ಗೆ ಆತುರದಲ್ಲಿ ಆ ಹಾಳೆಯನ್ನು ಮೇಜಿನ ಮೇಲೆಯೇ ಮರೆತು ಆಲೂಗಡ್ಡೆ ತರಲು ಅಂಗಡಿಗೆ ಹೋದೆ. ನಾನು ತಿರುಗಿ ಬರುವಷ್ಟರಲ್ಲಿ ನಿನ್ನಪ್ಪ ಎದ್ದು, ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟು ಬಳಿದುಕೊಂಡು ತಿಂದು, ತಟ್ಟೆ ತೊಳೆದಿಟ್ಟಿದ್ದ. ಹಾಳೆ ಇದ್ದಲ್ಲೇ ಇತ್ತು, ಅದರ ಮೇಲೆ ಅವನ ಕನ್ನಡಕ ಇತ್ತು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. “ತೊರ್ಕಿಲ್ ಫೋನ್ ಮಾಡಿದ್ದ. ಸೈಜು ಯಾವ್ದು ಅಂತ ಕೇಳ್ದ. ಗ್ರೇತೆ ಹೇಳ್ತಾಳೆ ಅಂದೆ” ಅಂದ. ಅಷ್ಟೇ. ನಾನು ಸರಿ ಅಂದೆ. ಆ ದಿನ ಬೆಂಕಿಹಬ್ಬದ ಮಾತು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಅದರ ಮುಂದಿನ ಮಂಗಳವಾರ ಆಸ್ಪತ್ರೆಯಲ್ಲಿ ಮೂರನೆಯ ಸುತ್ತಿನ ಮಾತು. ಡಾಕ್ಟರು ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಖಾತ್ರಿ ಕೊಡಲಾರೆ, ಆದರೆ ಇದನ್ನು ತಗೊಂಡರೆ ಬೇಸಗೆ ಕಳೆಯಬಹುದು, ಶರತ್ಕಾಲದವರೆಗೂ ಹೋಗಬಹುದು ಎಂದಳು. ನಿನ್ನಪ್ಪ ಕೇಳಿಸಿಕೊಂಡ. “ಬೇಡ ಡಾಕ್ಟ್ರೇ. ಸಾಕು” ಅಂದ. ಇನ್ನೊಂದು ವಾರ ಯೋಚನೆ ಮಾಡಿ ಎಂದಳು. “ಲೆಕ್ಕ ಎಲ್ಲಾ ಆಗಿದೆ” ಅಂದ. ಪಾಪ, ಆಕೆಗೆ ಏನು ಅರ್ಥವಾಗಬೇಕು? ಆಕೆ ನನ್ನ ಮುಖ ನೋಡಿದಳು. ನಾನು ನನ್ನ ಕೋಟಿನ ಗುಂಡಿ ನೋಡುತ್ತ ಕುಳಿತೆ. ಬಾಯಿ ತೆರೆದು, ಎರ್ಲಿಂಗ್, ಆ ಹಾಳೆ ಹಾಳಾಗಿ ಹೋಗಲಿ, ತಗೋ ಮಾರಾಯ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮೆರೆಟೆ, ನೀನು ಕೇಳಿದ್ದಕ್ಕೆ ಇದೇ ಉತ್ತರ. ನಿನ್ನಪ್ಪ ಔಷಧಿ ಬೇಡ ಅಂದದ್ದು ನೋವಿಗೆ ಹೆದರಿ ಅಲ್ಲ. ನಾನು ಅವನನ್ನು ಲೆಕ್ಕದಿಂದ ತೆಗೆದಿದ್ದೇನೆಂದು ಅವನು ಕಣ್ಣಾರೆ ಓದಿದ್ದ.

ಮಾರ್ಚಿನಲ್ಲಿ ಸೂರಿನ ಮರ ಏರಿಸಿದ ಹಬ್ಬಕ್ಕೆ ನೀನೂ ಬಂದಿದ್ದೆ. ತುದಿಗೆ ಹಸಿರು ಹಾರ ಕಟ್ಟಿದ್ದರು, ಬಡಗಿಗಳು ಮರದ ದಿಮ್ಮಿಗಳ ಮೇಲೆ ಕುಳಿತು ಕೆಂಪು ಸಾಸೇಜು ತಿನ್ನುತ್ತಿದ್ದರು. ಮನೆಯವರು ಭಾಷಣ ಮಾಡಬೇಕಲ್ಲ. ನಾನು ಒಲ್ಲೆನೆಂದೆ, ಅವನೇ ನಿಂತ. ತೊರ್ಕಿಲ್ ಅವನ ಬೆನ್ನಿಗೆ ಕೈ ಕೊಟ್ಟಿದ್ದ. ಅವನು ಏನಂದ ನೆನಪಿದೆಯಾ? “ನಮ್ಮ ಗ್ರೇತೆ ಲೆಕ್ಕ ಯಾವತ್ತೂ ತಪ್ಪಿಲ್ಲ, ಈ ಊರಿಗೇ ಗೊತ್ತು. ಈ ಮನೇಲಿ ಒಂದೇ ಒಂದು ಸಲ ಅವಳ ಲೆಕ್ಕ ತಪ್ಪಲಿ. ಅದಕ್ಕೇ ಈ ಬಿಯರು!” ಎಲ್ಲರೂ ಹೋ ಎಂದು ನಕ್ಕರು. ನೀನು ಎಲ್ಲರಿಗಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದೆ. ನಾನು ಸಿಮೆಂಟು ಚೀಲಗಳ ಹಿಂದೆ ಹೋಗಿ ನಿಂತುಕೊಂಡೆ. ಸಾಸೇಜು ತರಲು ಹೋಗಿದ್ದೆ ಎಂದು ಆಮೇಲೆ ನಿನಗೆ ಹೇಳಿದೆ.

ಅವನು ಹೋಗುವುದಕ್ಕೆ ನಾಲ್ಕು ದಿನ ಮುಂಚೆ ನೀನು ಆಸ್ಪತ್ರೆಯಿಂದ ಸ್ನಾನಕ್ಕೆಂದು ನಮ್ಮ ಮನೆಗೆ ಹೋಗಿದ್ದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದ: “ಹೀಟ್ರು ಯಾವ ಸೈಜು ತರಿಸಿದೆ?” ಮೂರು ತಿಂಗಳಲ್ಲಿ ಅವನು ಆ ಮಾತೆತ್ತಿದ್ದು ಅದೊಂದೇ ಸಲ. ನಾನು “ಚಿಕ್ಕದು” ಅಂದೆ. ಅವನ ತುಟಿಯ ಮೂಲೆ ಸ್ವಲ್ಪ ಎದ್ದಿತು. “ಸುಳ್ಳಿ. ಸುಳ್ಳು ಹೇಳೋಕೂ ಬರಲ್ಲ ನಿಂಗೆ. ದೊಡ್ಡದೇ ತರಿಸಿರ್ತೀಯ” ಅಂದ. ಆಮೇಲೆ, “ಒಳ್ಳೇದಾಯ್ತು” ಅಂದ. ಆ ಒಂದು ಮಾತನ್ನು ಎಂಟು ತಿಂಗಳಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಕ್ಷಮಿಸಿದನೋ, ಚುಚ್ಚಿದನೋ, ನನಗೆ ಚಳಿಯಾಗಬಾರದು ಎಂದಷ್ಟೇ ಅಂದನೋ ಗೊತ್ತಾಗುತ್ತಿಲ್ಲ. ಕೇಳೋಣವೆಂದರೆ ಯಾರನ್ನು ಕೇಳಲಿ?

ಸೆಪ್ಟೆಂಬರಿನಲ್ಲಿ ಈ ಮನೆಗೆ ಬಂದೆ. ಎದುರಿಗೆ ನಮ್ಮ ಹಳೆಯ ಅಡುಗೆಮನೆಯ ಕಿಟಕಿ ಕಾಣುತ್ತದೆ. ಅಲ್ಲಿ ಈಗ ಬೇರೆಯವರ ಪರದೆ, ಎರಡು ಮಕ್ಕಳು. ಕಳೆದ ವಾರ ಸೊನ್ನೆಗಿಂತ ಒಂಬತ್ತು ಕೆಳಗಿಳಿಯಿತು. ನಾನು ಗೋಡೆಯ ಮೇಲಿನ ಮಾಪಕದ ಮುಂದೆ ಹೋಗಿ ಹೋಗಿ ನಿಂತೆ. ಇಪ್ಪತ್ತೊಂದು. ಬೆಳಿಗ್ಗೆ ಇಪ್ಪತ್ತೊಂದು, ಮಧ್ಯಾಹ್ನ ಇಪ್ಪತ್ತೊಂದು. ಒಂದು ಕೂದಲೆಳೆ ಆಚೀಚೆ ಇಲ್ಲ. ಇಡೀ ಓರ್ಹುಸ್ ನಡುಗುತ್ತಿತ್ತು, ನಾನು ತೆಳ್ಳನೆಯ ಷರಟಿನಲ್ಲಿ ಓಡಾಡುತ್ತಿದ್ದೆ. ಒಂದೇ ಒಂದು ಸಲ ತಪ್ಪಲಿ ಎಂದು ಅವನು ಕೇಳಿಕೊಂಡಿದ್ದ, ಅದನ್ನೂ ನಾನು ನಡೆಸಿಕೊಡಲಿಲ್ಲ. ಚಳಿಯಾಗಿದ್ದರೆ ಚೆನ್ನಾಗಿತ್ತು ಮಗಳೇ. ಅವನ ದಪ್ಪ ಸ್ವೆಟರು ಹಾಕಿಕೊಂಡು, ನೋಡು, ನೀನಿಲ್ಲದೆ ಈ ಮನೆ ಬೆಚ್ಚಗಾಗುತ್ತಿಲ್ಲ ಎಂದಾದರೂ ಹೇಳಿಕೊಳ್ಳುತ್ತಿದ್ದೆ.

ಗುರುವಾರ ಎಲ್ಸೆಬೆತ್ ಕಾಫಿಗೆ ಬಂದಿದ್ದಳು. ಬಂದು ಅರ್ಧ ಗಂಟೆಯಾಗಿರಬೇಕು, ಹೀಟರಿನ ಸದ್ದು ತಾನಾಗಿ ನಿಂತಿತು. ಒಳಗೆ ಇಬ್ಬರಾದರೆ ಅದಕ್ಕೆ ಕೆಲಸವಿಲ್ಲ. ಆಕೆ ತನ್ನ ಸೊಸೆಯ ಮೇಲೆ ದೂರು ಹೇಳುತ್ತಲೇ ಇದ್ದಳು, ನನಗೆ ಅಳು ತಡೆಯಲಾಗಲಿಲ್ಲ. “ಅಯ್ಯೋ, ನಮ್ಮ ಸೊಸೆಗೆ ನೀನ್ಯಾಕೆ ಅಳ್ತೀಯೇ?” ಎಂದು ಗಾಬರಿಯಾದಳು. ಅವಳು ಹೋದ ಮೇಲೆ ಕಪ್ಪು ತೊಳೆಯುವಷ್ಟರಲ್ಲಿ ಅದು ಮತ್ತೆ ಗುಂಯ್ ಎಂದು ಶುರುವಾಯಿತು. ಅವತ್ತೇ ನಿನಗೆ ಬರೆಯಬೇಕೆಂದು ತೀರ್ಮಾನಿಸಿದೆ. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಇಲ್ಲಿ ಬದುಕಲಾರೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನಿನ್ನಪ್ಪ ನಿನಗಾಗಿ ಬರೆದ ಬೆಂಚು ಗೋಡೆಗೆ ಒರಗಿಕೊಂಡಿದೆ, ಇನ್ನೂ ಯಾರೂ ಅದನ್ನು ಎಳೆದಿಲ್ಲ. ಬಾ ಎಂದೂ ಅನ್ನುವುದಿಲ್ಲ. ಬೈಯಲಿಕ್ಕಾದರೂ ಫೋನು ಮಾಡು. ಎಷ್ಟು ಹೊತ್ತು ಬೈದರೂ ಕೇಳುತ್ತೇನೆ, ನಡುವೆ ಮಾತಾಡುವುದಿಲ್ಲ.

ನಿನ್ನನ್ನು ಹೆತ್ತವಳು,
ಅಮ್ಮ

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಹಾಳೆಯನ್ನು ಮೇಜಿನ ಮೇಲೆ ಮರೆತು ಹೋದೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ನಿಜವಲ್ಲ. ನಾನು ಯಾವ ಕಾಗದವನ್ನೂ ಎಲ್ಲಿಯೂ ಮರೆತವಳಲ್ಲ. ಅವನ ತಟ್ಟೆಯ ಪಕ್ಕದಲ್ಲಿ ನಾನೇ ಇಟ್ಟೆ, ಕನ್ನಡಕವನ್ನೂ ಹುಡುಕಿ ತಂದು ಅದರ ಮೇಲಿಟ್ಟೆ. ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಅವನು ಓದಿ, ನನ್ನ ಮೇಲೆ ಕೂಗಾಡಿ, ಆಮೇಲೆ ಇಬ್ಬರೂ ಕುಳಿತು ಒಮ್ಮೆ ಅತ್ತುಬಿಡೋಣ ಎಂದು ಆಸೆಪಟ್ಟಿದ್ದೆ. ಅಂಗಡಿಗೂ ಹೋಗಲಿಲ್ಲ. ಅದರ ಮುಂದೆ ಕಾರು ನಿಲ್ಲಿಸಿಕೊಂಡು ಒಂದೂವರೆ ಗಂಟೆ ಒಳಗೇ ಕುಳಿತಿದ್ದೆ. ಬರಿಗೈಯಲ್ಲಿ ಮನೆಗೆ ಬಂದೆ. ಆಲೂಗಡ್ಡೆ ಎಲ್ಲಿ ಎಂದು ನಿನ್ನಪ್ಪ ಕೇಳಲಿಲ್ಲ.